ಕೋವಿಯ ನಳಿಗೆ: ಉದ್ದಕ್ಕೂ ಗುರಿಗೂ ಏನು ನಂಟು?

ಅಡಿಕೆ ಹಾಕಲು ಸಂಘದ ಡಿಪೋಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಕಳೆದ ತಿಂಗಳು ಒಂದು ಪ್ರಶ್ನೆ ಕೇಳಿದರು. ಅವರ ಮನೆಯಲ್ಲಿ ತಂದೆಯ ಕಾಲದ ಹನ್ನೆರಡು ಬೋರಿನ ಒಂಟಿ ನಳಿಗೆ ತೋಟಾ ಕೋವಿ ಇದೆ. ನಳಿಗೆಯ ಉದ್ದ 32 ಇಂಚು. “ಮಗ ಬೆಂಗಳೂರಿನಿಂದ ಬಂದವನು, ಅಪ್ಪಯ್ಯಾ, ಇದು ಜೀಪಿನಲ್ಲಿ ಹಿಡಿಯುವುದಿಲ್ಲ, ಕಾಫಿ ಗಿಡದ ನಡುವೆ ತಿರುಗಿಸಲಿಕ್ಕೆ ಬರುವುದಿಲ್ಲ, ತುದಿ ಒಂದು ಅರ್ಧ ಗೇಣು ತೆಗೆಸಿಬಿಡುವ ಅಂತಾನೆ. ತೆಗೆಸಿದರೆ ಹೊಡೆತ ಕಡಿಮೆಯಾಗ್ತದೋ ಇಲ್ಲವೋ ಹೇಳಿ ಮಾರಾಯ್ರೆ” ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ಕೂಡಲೇ, “ತೆಗೆಸಬೇಡಿ, ನಳಿಗೆ ಉದ್ದ ಇದ್ದಷ್ಟೂ ಗುರಿ ಜಾಸ್ತಿ” ಎಂದು ತೀರ್ಪು ಕೊಟ್ಟರು. ಅವರು ಕೊಟ್ಟ ಸಲಹೆ ಸರಿ, ಹೇಳಿದ ಕಾರಣ ತಪ್ಪು. ಕೋವಿ ಇಟ್ಟುಕೊಂಡಿರುವ ಬೆಳೆಗಾರರಲ್ಲಿ ಬಹುಮಂದಿ ಇದೇ ತಪ್ಪು ತಿಳುವಳಿಕೆಯಲ್ಲಿರುವುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುವುದು ಒಳ್ಳೆಯದೆನಿಸಿತು.

ಮೊದಲು ಕಾನೂನಿನ ಮಾತು ಹೇಳಿ ಮುಗಿಸುತ್ತೇನೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಕೋವಿಯ ನಳಿಗೆಯನ್ನು ಮೋಟು ಮಾಡುವ ಹಕ್ಕು ಯಾರಿಗೂ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೆಯ ಕಲಮಿನಂತೆ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಅದಿಲ್ಲದೆ ಕತ್ತರಿಸಿದರೆ ವರ್ಷಗಟ್ಟಲೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಗರಗಸ ಹಾಕುವುದಕ್ಕಲ್ಲ. ಕಾನೂನು ಅಡ್ಡ ಬಾರದಿದ್ದರೂ ಆ ಕೆಲಸ ಮಾಡಬಾರದು ಎಂಬುದಕ್ಕೆ ಬೇರೆ ಕಾರಣವಿದೆ. ಅದು ತಿಳಿಯಬೇಕಾದರೆ ನಳಿಗೆಯೊಳಗೆ ನಡೆಯುವುದೇನೆಂದು ನೋಡಬೇಕು.

ನಳಿಗೆಯೊಳಗೆ ಏನಾಗುತ್ತದೆ?

ಕೇಪು ಸಿಡಿದು ಮದ್ದಿಗೆ ಬೆಂಕಿ ಹತ್ತಿದೊಡನೆ ಮದ್ದು ಅನಿಲವಾಗುತ್ತದೆ. ಆ ಅನಿಲಕ್ಕೆ ಇರುವ ಜಾಗ ಬಹಳ ಕಡಿಮೆಯಾದ್ದರಿಂದ ಅದರ ಒತ್ತಡ ಭಯಂಕರವಾಗಿ ಏರುತ್ತದೆ. ಗುಂಡು ಮುಂದೆ ಸರಿದಂತೆಲ್ಲ ಹಿಂದಿನ ಜಾಗ ದೊಡ್ಡದಾಗುತ್ತ ಹೋಗಿ ಒತ್ತಡ ಇಳಿಯುತ್ತದೆ. ಒತ್ತಡ ತುತ್ತತುದಿಗೆ ಮುಟ್ಟುವುದು ಗುಂಡು ಮೊದಲ ಕೆಲವೇ ಇಂಚು ಸರಿದಾಗ. ಅಲ್ಲಿಂದ ಮುಂದಕ್ಕೆಲ್ಲ ಇಳಿತವೇ. ಇಷ್ಟೂ ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ ಮುಗಿಯುತ್ತದೆ.

ಬ್ಯಾಟರಿ ಇಳಿದ ಜೀಪನ್ನು ಹತ್ತು ಆಳು ಸೇರಿ ದೂಡುವುದನ್ನು ನೆನಪಿಗೆ ತಂದುಕೊಳ್ಳಿ. ಮೊದಲ ನಾಲ್ಕು ಮಾರಿನಲ್ಲಿ ಎಲ್ಲರೂ ಕಸುವಿಟ್ಟು ದೂಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಕೈ ಸಡಿಲಿಸುತ್ತಾರೆ. ಜೀಪಿನ ವೇಗ ಇನ್ನೂ ಹೆಚ್ಚುತ್ತಲೇ ಇರುತ್ತದೆ, ಆದರೆ ಒಂದೊಂದು ಮಾರಿಗೆ ಸಿಕ್ಕುವ ಹೆಚ್ಚಳ ಕಡಿಮೆಯಾಗುತ್ತ ಬರುತ್ತದೆ. ದೂಡುವವರ ಕಸುವು ನೆಲದ ಎಳೆತಕ್ಕಿಂತ ಕಡಿಮೆಯಾಯಿತೋ, ಅಲ್ಲಿಂದ ಜೀಪು ನಿಧಾನವಾಗತೊಡಗುತ್ತದೆ. ನಳಿಗೆಯಲ್ಲಿ ಗುಂಡಿನ ಕಥೆಯೂ ಇದೇ. ಗೋಡೆಯ ಉಜ್ಜಾಟವೇ ಅದಕ್ಕೆ ನೆಲದ ಎಳೆತ.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞರು. 1742ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ತೂಗುಬಿಟ್ಟ ಭಾರವಾದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದಕ್ಕೆ ತೂಗಿತೆಂಬುದನ್ನು ಅಳೆದು, ಅದರಿಂದ ಗುಂಡಿನ ವೇಗವನ್ನು ಕಂಡುಹಿಡಿದರು. ಅಂದಿನ ಬಂದೂಕಿನ ಗುಂಡಿಗೆ ಸೆಕೆಂಡಿಗೆ 1,600 ಅಡಿಗೂ ಮೀರಿದ ವೇಗವಿದೆಯೆಂಬುದು ಆಗ ಎಲ್ಲರಿಗೂ ಸೋಜಿಗ. ನಳಿಗೆಯ ಉದ್ದಕ್ಕೂ ವೇಗಕ್ಕೂ ಇರುವ ಸಂಬಂಧವನ್ನೂ ಅವರು ಸೂತ್ರವಾಗಿ ಕೊಟ್ಟರು. ಅವರ ರೀತಿಯಲ್ಲೇ ಲೆಕ್ಕ ಹಾಕಿದರೆ, ಮದ್ದು ನಳಿಗೆಯ ಹತ್ತರಲ್ಲೊಂದು ಪಾಲು ತುಂಬಿರುವಲ್ಲಿ, ನಳಿಗೆಯನ್ನು ದುಪ್ಪಟ್ಟು ಉದ್ದ ಮಾಡಿದರೂ ವೇಗ ಹೆಚ್ಚುವುದು ಶೇಕಡಾ 14ರಷ್ಟು ಮಾತ್ರ. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳ ಇಂಜಿನಿಯರಾಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಮದ್ದಿಗೆ ತಕ್ಕ ನಳಿಗೆ

ಎಷ್ಟು ಉದ್ದ ಬೇಕೆಂಬುದು ಮದ್ದಿನ ಪ್ರಮಾಣವನ್ನೂ ಅದು ಉರಿಯುವ ರೀತಿಯನ್ನೂ ಹೊಂದಿದೆ. ಮೂರು ಉದಾಹರಣೆ ಸಾಕು.

ಎನ್.ಸಿ.ಸಿ.ಯಲ್ಲಿ ಪಾಯಿಂಟ್ 22 ರೈಫಲು ಹೊಡೆದವರಿಗೆ ಅದರ ತೋಟ ಎಷ್ಟು ಚಿಕ್ಕದೆಂದು ಗೊತ್ತು. ಗುಂಡು ಎರಡೂವರೆ ಗ್ರಾಮಿನಷ್ಟು, ಮದ್ದು ಒಂದು ಚಿಟಿಕೆಗಿಂತ ಕಡಿಮೆ. ಆ ಮದ್ದು ಗುಂಡನ್ನು ದೂಡುವುದು ಸುಮಾರು 16ರಿಂದ 19 ಇಂಚಿನವರೆಗೆ. ಅದರಾಚೆಗೆ ಉಜ್ಜಾಟವೇ ಮೇಲುಗೈಯಾಗಿ ಗುಂಡಿನ ವೇಗ ತುಸು ಇಳಿಯುತ್ತದೆ. ಅಂದರೆ 26 ಇಂಚಿನ ನಳಿಗೆಯಿಂದ ಹೊರಟ ಗುಂಡು 18 ಇಂಚಿನದರಿಂದ ಹೊರಟದ್ದಕ್ಕಿಂತ ನಿಧಾನವಾಗಿರುವುದೂ ಉಂಟು. ಮಕ್ಕಳ ಬಿದಿರಿನ ಪೆಟ್ಲು ಸಹ ಹೀಗೆಯೇ. ಬಿದಿರು ಉದ್ದವಿದ್ದಷ್ಟೂ ಕಾಯಿ ದೂರ ಹಾರುವುದಿಲ್ಲ.

ಮಿಲಿಟರಿಯ ಪಾಯಿಂಟ್ 303 ಇನ್ನೊಂದು ಕೊನೆ. ಹನ್ನೊಂದು ಗ್ರಾಮಿನ ಗುಂಡಿಗೆ ಸುಮಾರು ಎರಡೂವರೆ ಗ್ರಾಂ ಮದ್ದು. ಗುಂಡು 25 ಇಂಚು ನಡೆದು ತುದಿ ಮುಟ್ಟುವಾಗಲೂ ಹಿಂದೆ ಒತ್ತಡ ಸಾಕಷ್ಟು ಉಳಿದಿರುತ್ತದೆ. ಇಂತಹ ಬಲವಾದ ರೈಫಲುಗಳಲ್ಲಿ ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ 20ರಿಂದ 40 ಅಡಿ ವೇಗ ಹೋಗುತ್ತದೆಂಬುದು ಸಾಧಾರಣ ಲೆಕ್ಕ. ಒಟ್ಟು ವೇಗ ಸುಮಾರು 2,440 ಅಡಿ. ಹಾಗಾಗಿ ಒಂದು ಇಂಚಿಗೆ ಶೇಕಡಾ ಒಂದರಷ್ಟು ನಷ್ಟವೆನ್ನಬಹುದು. ಇನ್ನೊಂದು ತೊಂದರೆಯೆಂದರೆ, ನಳಿಗೆ ಮೋಟಾದಷ್ಟೂ ಒತ್ತಡವಿರುವ ಅನಿಲ ಹೊರಗೆ ಬಂದು ಸಿಡಿಯುತ್ತದೆ. ಕಣ್ಣು ಕುಕ್ಕುವ ಬೆಂಕಿ, ಕಿವಿ ಗುಂಯ್‌ಗುಡುವ ಸದ್ದು. ಕೋವಿ ಹಗುರವಾದ್ದರಿಂದ ಹೆಗಲಿಗೆ ಒದೆಯುವುದೂ ಹೆಚ್ಚು.

ನಮ್ಮಲ್ಲಿ ಹೆಚ್ಚಾಗಿರುವುದು ಹನ್ನೆರಡು ಬೋರು. (ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆಯ ಗಾತ್ರ ಎಷ್ಟೋ ಅಷ್ಟು ನಳಿಗೆಯ ಬಾಯಿ, ಅಂದರೆ 18.5 ಮಿ.ಮೀ. ಹೆಸರು ಬಂದದ್ದು ಹಾಗೆ.) ಇದರ ಹೊಗೆರಹಿತ ಮದ್ದು ಬೇಗ ಉರಿದುಹೋಗುವಂಥದು. ನಳಿಗೆ ಅಗಲವಾದ್ದರಿಂದ ಒತ್ತಡವೂ ಬೇಗ ಇಳಿಯುತ್ತದೆ. ಆದುದರಿಂದ ಸಾಮಾನ್ಯ ಉದ್ದದ ನಳಿಗೆಗಳಲ್ಲಿ ಒಂದು ಇಂಚಿನ ಬೆಲೆ ಸೆಕೆಂಡಿಗೆ 5ರಿಂದ 10 ಅಡಿ, ಅಷ್ಟೆ. ಚರೆಗಳು ಹೊರಡುವ ವೇಗ ಸುಮಾರು 1,200 ಅಡಿ ಎಂದಿಟ್ಟುಕೊಂಡರೆ, 32 ಇಂಚಿನ ಕೋವಿಗೂ 26 ಇಂಚಿನ ಕೋವಿಗೂ ಇರುವ ವ್ಯತ್ಯಾಸ 30ರಿಂದ 60 ಅಡಿ. ನೂರಕ್ಕೆ ಮೂರೋ ಐದೋ ಪಾಲು. ಅದು ಹಂದಿಗೂ ತಿಳಿಯದು, ಹೊಡೆದವನಿಗೂ ತಿಳಿಯದು.

ಹಾಗಾದರೆ ಅಜ್ಜಂದಿರ ಕೇಪಿನ ಕೋವಿ ಆಳುದ್ದ ಇದ್ದದ್ದು ಏಕೆ? ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಮಸಿಯಾಗಿಯೂ ಹೊಗೆಯಾಗಿಯೂ ಉಳಿಯುತ್ತದೆ. ಅದರ ಬಲ ಕಡಿಮೆ. ಬೇಕಾದ ಬಲಕ್ಕೆ ಮದ್ದನ್ನು ಹೆಚ್ಚು ಹಾಕಬೇಕು, ಹೆಚ್ಚು ಮದ್ದಿಗೆ ಹೆಚ್ಚು ಉದ್ದ ಬೇಕು. ಮದ್ದು ಬದಲಾದ ಮೇಲೂ ಆ ಕಾಲದ ಮಾತು ಮಾತ್ರ ನಮ್ಮ ಜಗಲಿಗಳಲ್ಲಿ ಉಳಿದುಬಂದಿದೆ.

ವೇಗ ಬೇರೆ, ಗುರಿ ಬೇರೆ

ಇಲ್ಲಿಯವರೆಗೆ ಹೇಳಿದ್ದು ವೇಗದ ಮಾತು. ವೇಗವಾಗಿ ಹೋದ ಗುಂಡು ನೆಟ್ಟಗೆ ಹೋಗುತ್ತದೆಂಬ ನಂಬಿಕೆಯೇ ಎಲ್ಲ ಗೊಂದಲದ ಬೇರು.

ಒಂದು ಲೆಕ್ಕ ನೋಡಿ. ಪಾಯಿಂಟ್ 22ರ ಗುಂಡು ಸೆಕೆಂಡಿಗೆ 330 ಮೀಟರಿನಂತೆ ಹೋದರೆ 50 ಮೀಟರ್ ದಾಟಲು 0.15 ಸೆಕೆಂಡು ಬೇಕು. ಅಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಅದು ಸುಮಾರು 11 ಸೆಂ.ಮೀ. ಕೆಳಗಿಳಿದಿರುತ್ತದೆ. ವೇಗ 300 ಮೀಟರಿಗೆ ಇಳಿದರೆ ಇಳಿತ ಹದಿಮೂರೂವರೆ ಸೆಂ.ಮೀ. ವ್ಯತ್ಯಾಸ ಎರಡೂವರೆ ಸೆಂಟಿಮೀಟರು. ಆದರೆ ಪ್ರತಿ ಸಾರಿಯೂ ಅಷ್ಟೇ ಇಳಿಯುವುದರಿಂದ ಹಿಂದಿನ ನೋಟವನ್ನು ಒಂದು ಕೂದಲೆಳೆ ಏರಿಸಿದರೆ ಸರಿಹೋಯಿತು. ಒಂದೇ ಸಮನಾಗಿ ಬರುವ ತಪ್ಪನ್ನು ತಿದ್ದಬಹುದು. ಒಂದು ಗುಂಡು ಎಡಕ್ಕೆ, ಮುಂದಿನದು ಬಲಕ್ಕೆ, ಮೂರನೆಯದು ಮೇಲಕ್ಕೆ ಹೋದರೆ ತಿದ್ದುವುದು ಯಾವುದನ್ನು? ಗುರಿಗಟ್ಟು ಎಂದರೆ ಗುಂಡುಗಳೆಲ್ಲ ಒಂದೇ ಕಡೆ ಬೀಳುವುದು. ಅದಕ್ಕೆ ವೇಗದ ಹಂಗಿಲ್ಲ.

ಹೀಗಿದ್ದೂ ಉದ್ದ ನಳಿಗೆಯಲ್ಲಿ ಗುರಿ ಚೆನ್ನಾಗಿ ಸಿಗುತ್ತದೆಂಬ ಅನುಭವ ಸುಳ್ಳಲ್ಲ. ಅದಕ್ಕೆ ಕಾರಣ ಕಣ್ಣು. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನೋಡಿದವರು ಇದನ್ನು ಬಲ್ಲರು. ಹಿಂದಿನ ನೋಟ, ತುದಿಯ ಮಣಿ, ಕಾಯಿ, ಮೂರೂ ಒಂದೇ ಗೆರೆಗೆ ಬರಬೇಕು. ಮಣಿ ಅರ್ಧ ಮಿಲಿಮೀಟರಿನಷ್ಟು ಆಚೆ ನಿಂತಿತೆನ್ನಿ. ಎರಡು ನೋಟಗಳ ನಡುವೆ 50 ಸೆಂ.ಮೀ. ಅಂತರವಿದ್ದರೆ 50 ಮೀಟರ್ ದೂರದಲ್ಲಿ ಗುಂಡು 5 ಸೆಂ.ಮೀ. ಆಚೆ ಹೋಗುತ್ತದೆ. ಅಂತರ 75 ಸೆಂ.ಮೀ. ಇದ್ದರೆ 3.3 ಸೆಂ.ಮೀ. ಮಾತ್ರ. ಸುಲಿದ ಕಾಯಿಯ ಅಡ್ಡಳತೆ 10-12 ಸೆಂ.ಮೀ. ಎಂದರೆ, ಒಂದು ಗುಂಡು ಅಂಚನ್ನು ಸವರಿಕೊಂಡು ಹೋಗುತ್ತದೆ, ಇನ್ನೊಂದು ಕಾಯಿಯನ್ನು ಒಡೆಯುತ್ತದೆ. ಇದು ನಳಿಗೆಯ ಗುಣವಲ್ಲ, ನೋಟದ ಅಂತರದ ಗುಣ. ಅದೇ ರೈಫಲಿಗೆ ದುರ್ಬೀನು ಹಾಕಿದರೆ ಈ ಲಾಭ ಇಲ್ಲವಾಗುತ್ತದೆ. ಪಾಯಿಂಟ್ 22ರ ಕೆಲವು ಸ್ಪರ್ಧಾ ರೈಫಲುಗಳಲ್ಲಿ ನಳಿಗೆಯನ್ನು ಮೋಟಾಗಿಯೇ ಮಾಡಿ, ಅದರ ಮುಂದೆ ಗುಂಡಿಗೆ ತಾಗದಂತೆ ಅಗಲವಾದ ಟೊಳ್ಳು ಕೊಳವೆ ಜೋಡಿಸಿ, ಆ ಕೊಳವೆಯ ತುದಿಗೆ ನೋಟವನ್ನಿಡುತ್ತಾರೆ. ಉದ್ದ ಬೇಕಾಗಿರುವುದು ಗುಂಡಿಗಲ್ಲ, ಕಣ್ಣಿಗೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಉದ್ದದಿಂದ ಗುರಿಗೆ ಕೇಡೂ ಉಂಟು. ಅಡಿಕೆ ಕೊಯ್ಯುವ ದೋಟಿಯನ್ನು ಹಿಡಿದವರಿಗೆ ವಿವರಿಸಬೇಕಾಗಿಲ್ಲ. ದೋಟಿ ಉದ್ದವಾದಷ್ಟೂ ಅದರ ತುದಿ ತೊನೆಯುತ್ತದೆ, ಗೊನೆಗೆ ಕತ್ತಿ ಕೂರಿಸುವುದೇ ಸಾಹಸ. ಗುಂಡು ಹಾರುವಾಗ ನಳಿಗೆಯೂ ಹಾಗೆಯೇ ಅದುರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಂದೇ ದಪ್ಪದ ಎರಡು ಸರಳುಗಳ ತುದಿಗೆ ಒಂದೇ ಭಾರ ಹಾಕಿದರೆ, 30 ಇಂಚಿನದು 24 ಇಂಚಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಾಗುತ್ತದೆ. ಆದ್ದರಿಂದ ಮೋಟಾದ ದಪ್ಪ ನಳಿಗೆ ಉದ್ದವಾದ ತೆಳ್ಳನೆಯದಕ್ಕಿಂತ ಗುಂಡುಗಳನ್ನು ಒತ್ತೊತ್ತಾಗಿ ಬೀಳಿಸುವುದು ಸಹಜ.

ಈ ಜಗಳ ದೊಡ್ಡವರ ನಡುವೆಯೂ ನಡೆದಿದೆ. ಬ್ರಿಟಿಷ್ ಸೈನ್ಯದ ಕಾಲಾಳುಗಳ ರೈಫಲಿನ ನಳಿಗೆ 30.2 ಇಂಚು ಇತ್ತು, ಕುದುರೆ ಸವಾರರದು ಸುಮಾರು 21 ಇಂಚು. ದಕ್ಷಿಣ ಆಫ್ರಿಕದ ಯುದ್ಧ 1902ರಲ್ಲಿ ಮುಗಿದ ಮೇಲೆ ಇಬ್ಬರಿಗೂ ಒಂದೇ ಆಯುಧವೆಂದು 25.2 ಇಂಚಿನ ಮೋಟು ಲೀ-ಎನ್‌ಫೀಲ್ಡ್ ಬಂತು. ಐದು ಇಂಚು ಕಡಿದು ರೈಫಲನ್ನೇ ಹಾಳು ಮಾಡಿದರೆಂದು ಗುರಿಕಾರರೂ ಪತ್ರಿಕೆಗಳೂ ಬೊಬ್ಬೆ ಹಾಕಿದರು. 1914ರ ಯುದ್ಧದಲ್ಲಿ ನುರಿತ ಸಿಪಾಯಿ ಅದೇ ರೈಫಲಿನಿಂದ ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿಯಿಟ್ಟು ಹೊಡೆದಾಗ ಬೊಬ್ಬೆ ನಿಂತಿತು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಈ ರೈಫಲು ದಶಕಗಳ ಕಾಲ ತಯಾರಾಯಿತು.

ಇದೇ ಮನೆತನದ ಇನ್ನೊಂದು ಮಗು ಮಾತ್ರ ಕೆಟ್ಟಿತು. 1944ರಲ್ಲಿ ಕಾಡಿನ ಯುದ್ಧಕ್ಕೆಂದು 18.8 ಇಂಚಿನ ನಳಿಗೆಯ ‘ಜಂಗಲ್ ಕಾರ್ಬೈನ್’ ಮಾಡಿದರು. ಹಗುರ ಮಾಡುವ ಭರದಲ್ಲಿ ನಳಿಗೆಯಿಂದಲೂ ಬೇರೆ ಭಾಗಗಳಿಂದಲೂ ಲೋಹವನ್ನು ಹೆರೆದು ತೆಗೆದರು. ಬೆಂಕಿ ಮರೆಮಾಡಲು ತುದಿಗೆ ಆಲಿಕೆ ಕೂರಿಸಬೇಕಾಯಿತು, ಒದೆತಕ್ಕೆ ರಬ್ಬರು ಮೆತ್ತೆ ಇಡಬೇಕಾಯಿತು. ಇಷ್ಟಾದರೂ ಇಂದು ಸರಿಪಡಿಸಿದ ಗುರಿ ನಾಳೆ ತಪ್ಪುತ್ತದೆಂಬ ದೂರು ತಪ್ಪಲಿಲ್ಲ. 1947ರಲ್ಲಿ ತಯಾರಿಕೆ ನಿಂತಿತು. ನನ್ನ ಮಟ್ಟಿಗೆ ಅಲ್ಲಿ ತಪ್ಪಿದ್ದು ಉದ್ದ ಕಡಿಮೆಯಾದದ್ದರಲ್ಲಿ ಅಲ್ಲ, ಗಟ್ಟಿತನ ಹೋದದ್ದರಲ್ಲಿ.

ತೋಟಾ ಕೋವಿಯ ಗುಟ್ಟು ತುದಿಯಲ್ಲಿದೆ

ಈಗ ನಮ್ಮ ಹಿರಿಯ ಸದಸ್ಯರ ಪ್ರಶ್ನೆಗೆ ಬರೋಣ. ಚರೆ ಹಾರಿಸುವ ಕೋವಿಯಲ್ಲಿ ಗುರಿಯೆಂದರೆ ಚರೆಗಳು ಎಷ್ಟು ಒತ್ತಾಗಿ ಹೋಗುತ್ತವೆಂಬುದು. ಅದನ್ನು ತೀರ್ಮಾನಿಸುವುದು ಉದ್ದವಲ್ಲ, ‘ಚೋಕು’. ನಳಿಗೆಯ ಕೊನೆಯ ಎರಡು ಮೂರು ಇಂಚಿನಲ್ಲಿ ಒಳಬಾಯಿಯನ್ನು ತುಸು ಕಿರಿದು ಮಾಡಿರುತ್ತಾರೆ. ಪೂರ್ತಿ ಚೋಕಿನಲ್ಲಿ ಈ ಕಿರಿದು ಸುಮಾರು ಒಂದು ಮಿಲಿಮೀಟರು ಮಾತ್ರ. ಸ್ಪ್ರೇ ಪಂಪಿನ ನಾಜಲನ್ನು ತಿರುಗಿಸಿ ಮೈಲುತುತ್ತದ ದ್ರಾವಣವನ್ನು ಅಡಿಕೆಮರದ ಕೊನೆಗೆ ಮುಟ್ಟಿಸುತ್ತೀರಲ್ಲ, ಇದೂ ಹಾಗೆಯೇ ಎನ್ನಬಹುದು.

40 ಗಜ ದೂರದಲ್ಲಿ 30 ಇಂಚು ಅಡ್ಡಳತೆಯ ವೃತ್ತ ಬರೆದು ಹೊಡೆದರೆ, ಪೂರ್ತಿ ಚೋಕಿನ ನಳಿಗೆಯಿಂದ ನೂರಕ್ಕೆ 70 ಚರೆಗಳು ವೃತ್ತದೊಳಗೆ ಬೀಳಬೇಕು. ಅರೆ ಚೋಕಿನಿಂದ 60. ಚೋಕೇ ಇಲ್ಲದ ಸಪಾಟು ನಳಿಗೆಯಿಂದ 40.

ಅರ್ಧ ಗೇಣು ಬೇಡ, ತುದಿಯ ಮೂರೇ ಇಂಚು ಕತ್ತರಿಸಿದರೂ ಏನಾಯಿತೆಂದು ಈಗ ನೋಡಿ. ವೇಗದಲ್ಲಿ ಹೋದದ್ದು 15ರಿಂದ 30 ಅಡಿ, ಲೆಕ್ಕಕ್ಕಿಲ್ಲ. ಆದರೆ ಚೋಕು ಪೂರ್ತಿ ಹೋಯಿತು. 70 ಚರೆ ಬೀಳುತ್ತಿದ್ದಲ್ಲಿ 40 ಬೀಳುತ್ತವೆ. ಉಳಿದ ಮೂವತ್ತು ಹೋದದ್ದು ಎಲ್ಲಿಗೆ? ಪಕ್ಕದ ತೋಟಕ್ಕೆ, ಕಾಲುದಾರಿಗೆ, ಲೈನು ಮನೆಗಳ ಕಡೆಗೆ. ಮಗನ ಲೆಕ್ಕದಲ್ಲಿ ಹೊಡೆತ ಕಡಿಮೆಯಾಗಲಿಲ್ಲ ಎಂಬುದು ನಿಜವೇ. ಹೊಡೆತ ಇದ್ದೂ ಅದರ ದಿಕ್ಕು ಕೈತಪ್ಪಿತು ಎಂಬುದು ಅದಕ್ಕಿಂತ ದೊಡ್ಡ ನಿಜ.

ಚರೆ ಎಷ್ಟು ದೂರ ಹೋಗುತ್ತದೆ ಎಂಬುದರಲ್ಲೂ ಬಹುಮಂದಿಗೆ ತಪ್ಪು ಅಂದಾಜು ಇದೆ. ಎಸ್.ಜಿ. ತೋಟದ ಒಂದು ಚರೆ ಮೇಲ್ಮುಖವಾಗಿ ಹೊಡೆದಾಗ ಅರ್ಧ ಕಿಲೋಮೀಟರನ್ನೂ ಮೀರಿ ಹೋಗಬಲ್ಲದು. ಸಣ್ಣ ಆರನೆಯ ನಂಬರಿನದು ಇನ್ನೂರು ಮೀಟರಿನ ಆಚೆಗೂ, ಪಾಯಿಂಟ್ 22ರ ಗುಂಡು ಒಂದೂವರೆ ಕಿಲೋಮೀಟರಿನವರೆಗೂ. ನಳಿಗೆ ಮೋಟು ಮಾಡಿದರೆ ಈ ದೂರ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಇಳಿಜಾರಿನ ತೋಟದಲ್ಲಿ ಕತ್ತಲಲ್ಲಿ ಸದ್ದಿಗೆ ಹೊಡೆಯುವ ಅಭ್ಯಾಸವಂತೂ ಕೊಲೆಗೆ ಸಮ. ಹಂದಿಯೆಂದು ಆಳಿಗೆ ಗುಂಡು ತಗುಲಿದ ಸುದ್ದಿಯನ್ನು ನಾವೆಲ್ಲರೂ ಕೇಳಿದವರೇ. ಇನ್ನು, ಬೆಳೆ ರಕ್ಷಣೆಗೆಂದು ಕೋವಿಯ ಲೈಸೆನ್ಸ್ ಸಿಕ್ಕಿದೆಯೆಂದರೆ ಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಕ್ಕಿದೆಯೆಂದಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಅಧಿಕಾರ ಪಡೆದವರ ಲಿಖಿತ ಅಪ್ಪಣೆಯೇ ಬೇಕು.

ತಮ್ಮ ಕೋವಿಯ ಚೋಕು ಯಾವುದೆಂದು ತಿಳಿಯದವರು ಅಧಿಕೃತ ಗುರಿ ಮೈದಾನದಲ್ಲಿ ದೊಡ್ಡ ಕಾಗದ ಕಟ್ಟಿ ಮೇಲೆ ಹೇಳಿದ ರೀತಿಯಲ್ಲಿ ಮೂರು ನಾಲ್ಕು ಈಡು ಹೊಡೆದು, ತೂತುಗಳನ್ನು ಎಣಿಸಿ ನೋಡಬಹುದು. ಒಂದೇ ಈಡಿನಿಂದ ತೀರ್ಮಾನಕ್ಕೆ ಬರಬೇಡಿ. ತೋಟದಿಂದ ತೋಟಕ್ಕೆ ವ್ಯತ್ಯಾಸವಿರುತ್ತದೆ. ಪೂರ್ತಿ ಚೋಕಿನ ನಳಿಗೆಯಲ್ಲಿ ಒಂಟಿ ಗುಂಡಿನ ತೋಟ ಹಾಕುವವರು ಆ ಗುಂಡು ಚೋಕಿನಲ್ಲಿ ಸಲೀಸಾಗಿ ಹಾಯುವಂಥದೆಂದು ಖಚಿತ ಮಾಡಿಕೊಂಡೇ ಹಾಕಬೇಕು.

ಹಿರಿಯರಿಗೆ ಕೊಟ್ಟ ಉತ್ತರ ಇಷ್ಟು: ಜೀಪಿನಲ್ಲಿ ಹಿಡಿಯದಿದ್ದರೆ ಗರಗಸ ಬೇಡ. ಮಡಿಚುವ ತೋಟಾ ಕೋವಿಯಲ್ಲಿ ಮುಂದಿನ ಮರದ ತುಂಡನ್ನು ಕಳಚಿದರೆ ನಳಿಗೆ ಬೇರೆಯಾಗಿ ಬರುತ್ತದೆ. ಎರಡು ತುಂಡು ಮಾಡಿ ಕ್ಯಾನ್ವಾಸ್ ಚೀಲಕ್ಕೆ ಹಾಕಿಕೊಂಡು ಹೋಗಬಹುದು. ತೋಟಾ ತುಂಬಿದ ಕೋವಿಯನ್ನು ಜೀಪಿನಲ್ಲಿ ಇಡುವ ಕೆಟ್ಟ ಪದ್ಧತಿಯೂ ಅಲ್ಲಿಗೆ ತಪ್ಪುತ್ತದೆ.

ತುದಿಯ ಆರೈಕೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಳಿಗೆಯ ಬಾಯಿಯನ್ನು ಸಿಮೆಂಟು ನೆಲಕ್ಕೆ ಊರಿ ನಿಲ್ಲಿಸಬೇಡಿ. ರೈಫಲಿನಲ್ಲಿ ಗುಂಡಿಗೆ ಕೊನೆಯ ಸ್ಪರ್ಶ ಅದೇ ಅಂಚಿನದು. ಅಲ್ಲಿ ಒಂದು ಕಚ್ಚು ಬಿದ್ದರೆ ಅನಿಲ ಒಂದು ಪಕ್ಕದಿಂದ ಮೊದಲು ಹೊರಬಿದ್ದು ಗುಂಡನ್ನು ಓರೆಗೆ ತಳ್ಳುತ್ತದೆ. ಸಾಧ್ಯವಿರುವ ಕೋವಿಗಳಲ್ಲಿ ಒರೆಸುವ ಸರಳನ್ನು ಹಿಂದಿನಿಂದಲೇ ತೂರಿಸಿ. ಮಳೆಗಾಲ ಮುಗಿದು ಕೋವಿಯನ್ನು ಗೋಡೆಯಿಂದ ಇಳಿಸಿದಾಗ, ಇಲ್ಲವೆ ಚುನಾವಣೆಗೆಂದು ಠಾಣೆಯಲ್ಲಿಟ್ಟದ್ದು ತಿಂಗಳುಗಳ ಮೇಲೆ ಮರಳಿ ಕೈಗೆ ಬಂದಾಗ, ಮೊದಲು ಮಡಿಚಿ, ಒಳಗೆ ತೋಟವಿಲ್ಲವೆಂದು ನೋಡಿ, ಹಿಂದಿನಿಂದ ಬೆಳಕಿಗೆ ಹಿಡಿದು ನಳಿಗೆಯ ಆಚೆ ಬಾಯಿ ದುಂಡಗೆ ಕಾಣುತ್ತದೆಯೇ ಪರೀಕ್ಷಿಸಿ. ಕುಂಬಾರ ಹುಳು ಅದರೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಅದನ್ನು ನೋಡದೆ ಹೊಡೆದರೆ ನಳಿಗೆ ಹರಿದು ಎಡಗೈಯ ಬೆರಳುಗಳನ್ನು ತೆಗೆದುಕೊಂಡು ಹೋಗುತ್ತದೆ.